ಉಪನ್ಯಾಸವೋ, ಸಂವಾದವೋ, ಗೋಷ್ಠಿಯೋ? ಊರಿನಲ್ಲಿ ವಿಚಾರದ ಕಾರ್ಯಕ್ರಮ ಮಾಡುವವರಿಗೆ

ಗ್ರಂಥಾಲಯದ ಓದುಗರ ಬಳಗ, ನಿವೃತ್ತ ಮೇಷ್ಟ್ರುಗಳ ಗುಂಪು, ಕಾಲೇಜಿನ ಇತಿಹಾಸ ವಿಭಾಗ, ಹೊರದೇಶದ ಕನ್ನಡ ಸಂಘ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ತಿಂಗಳಿಗೊಂದು ವಿಚಾರದ ಕಾರ್ಯಕ್ರಮ ಮಾಡೋಣ ಅಂತಿದ್ದೀವಿ. ಒಬ್ಬರನ್ನು ಕರೆಸಿ ಉಪನ್ಯಾಸ ಮಾಡಿಸೋದಾ, ನಾಲ್ಕು ಜನರನ್ನು ಕೂರಿಸಿ ಗೋಷ್ಠಿ ಮಾಡೋದಾ, ಇಲ್ಲ ಆನ್‌ಲೈನ್‌ನಲ್ಲೇ ಮುಗಿಸೋದಾ?"

ಹೆಚ್ಚಿನ ಕಡೆ ಇದನ್ನು ತಲೆಕೆಳಗಾಗಿ ತೀರ್ಮಾನಿಸುತ್ತಾರೆ. ಮೊದಲು ಯಾರು ಸಿಗುತ್ತಾರೆ ಅಂತ ನೋಡುತ್ತಾರೆ, ಸಿಕ್ಕವರಿಗೆ ತಕ್ಕಂತೆ ಕುರ್ಚಿ ಹಾಕುತ್ತಾರೆ, ಆಮೇಲೆ ವಿಷಯ ಹುಡುಕುತ್ತಾರೆ. ಸಭಿಕರ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಹಾಗೆ ಮಾಡಿದಾಗ ಏನಾಗುತ್ತದೆ ಅನ್ನುವುದನ್ನು ಒಂದು ಆಮಂತ್ರಣ ಪತ್ರಿಕೆ ಹಿಡಿದೇ ಲೆಕ್ಕ ಹಾಕಬಹುದು. ಪತ್ರಿಕೆಯಲ್ಲಿ ಸಂಜೆ 5:30. ಶುರುವಾಗುವುದು 6ಕ್ಕೆ. ಪ್ರಾರ್ಥನೆ 4 ನಿಮಿಷ, ಸ್ವಾಗತ ಮತ್ತು ಪರಿಚಯ 8, ದೀಪ ಬೆಳಗುವುದು 5 (ಬೆಂಕಿಪೊಟ್ಟಣ ಹುಡುಕುವ ಹೊತ್ತೂ ಸೇರಿ), ಪ್ರಾಸ್ತಾವಿಕ 12, ಉದ್ಘಾಟನಾ ನುಡಿ 15, ಇಬ್ಬರು ಮುಖ್ಯ ಅತಿಥಿಗಳು ತಲಾ 10. ಒಟ್ಟು 64 ನಿಮಿಷ. ಇನ್ನೂರು ಕಿಲೋಮೀಟರ್ ದೂರದಿಂದ ಬಂದ ಉಪನ್ಯಾಸಕರು ಬಾಯಿ ತೆರೆಯುವಾಗ 7 ಗಂಟೆ 4 ನಿಮಿಷ. ಸಭಾಂಗಣ ಬಿಟ್ಟುಕೊಡಬೇಕಾದದ್ದು 8ಕ್ಕೆ. ಉಪನ್ಯಾಸಕ್ಕೆ 40, ಅಧ್ಯಕ್ಷ ಭಾಷಣಕ್ಕೆ 12, ವಂದನಾರ್ಪಣೆಗೆ 4 ಕೊಟ್ಟರೆ ಲೆಕ್ಕ ಚುಕ್ತಾ. ಸಭಿಕರ ಪ್ರಶ್ನೆಗೆ ಉಳಿದದ್ದು ಸೊನ್ನೆ.

ಯಾವ ಬಗೆಯನ್ನು ಆಯ್ದರೂ ಈ 64 ನಿಮಿಷವನ್ನು 10ಕ್ಕೆ ಇಳಿಸದಿದ್ದರೆ ಮುಂದೆ ಹೇಳುವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹಣದ ಲೆಕ್ಕವೂ ಇದೇ ದಾರಿಯದು. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಅಂತ ತಲೆಗೆ ಸುಮಾರು 1,200 ರೂಪಾಯಿ ಹಿಡಿದರೆ ವೇದಿಕೆಯ ಆರು ಜನಕ್ಕೆ 7,200 ಆಯಿತು. ಆ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಮಾತುಗಾರರ ಪ್ರಯಾಣ, ಊಟ, ಒಂದು ರಾತ್ರಿಯ ವಸತಿ ನಡೆದುಹೋಗುತ್ತದೆ.

ಮೊದಲು ಇಷ್ಟನ್ನು ಕೇಳಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದದ್ದು ವಿಷಯದ ಜಾತಿ. ಕೆಲವು ವಿಷಯ ತಿಳಿದವರಿಂದ ಕೇಳಿ ತಿಳಿಯುವಂಥವು: ಹಳಗನ್ನಡದ ಛಂದಸ್ಸು, ರಾಜ್ಯ ಬಜೆಟ್ ಓದುವ ಬಗೆ, ಹೊಯ್ಸಳರ ಕೆರೆಗಳು. ಕೆಲವು ತಕರಾರಿನವು: ನದಿ ನೀರು, ಮೀಸಲಾತಿ, ಶಿಕ್ಷಣ ಮಾಧ್ಯಮ. ಇನ್ನು ಕೆಲವನ್ನು ಎದುರಿಗಿಟ್ಟುಕೊಂಡೇ ನೋಡಬೇಕು: ಶಾಸನ, ಹಳೆಯ ಪತ್ರ, ನಕ್ಷೆ, ಕಾಯ್ದೆಯ ಒಂದು ಕಲಮು. ಮೊದಲನೆಯದಕ್ಕೆ ಉಪನ್ಯಾಸ, ಎರಡನೆಯದಕ್ಕೆ ಗೋಷ್ಠಿ, ಮೂರನೆಯದಕ್ಕೆ ಓದು ಅಥವಾ ನಡಿಗೆ. ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ.

ಆಮೇಲೆ ಬರುವವರ ಸಂಖ್ಯೆ. ಜಾಗದ ಸಂಖ್ಯೆಯನ್ನು ಇದರ ಜೊತೆ ಬೆರೆಸಬೇಡಿ. 300 ಕುರ್ಚಿಯ ಸಭಾಂಗಣದಲ್ಲಿ 40 ಜನ ಕೂತರೆ ಮಾತನಾಡುವವರಿಗೂ ಉತ್ಸಾಹ ಬತ್ತುತ್ತದೆ, ಕೇಳುವವರಿಗೂ ಮುಜುಗರ. ಅದೇ 40 ಜನ ಗ್ರಂಥಾಲಯದ ಕೋಣೆಯಲ್ಲಿ ಕೂತರೆ ತುಂಬಿದ ಮನೆ. ದುಡಿಯುವ ಕೈಗಳೂ ಲೆಕ್ಕಕ್ಕೆ ಬರುತ್ತವೆ: ಉಪನ್ಯಾಸಕ್ಕೆ ಮೂವರು ಸಾಕು, ಗೋಷ್ಠಿಗೆ ಕನಿಷ್ಠ ಆರು ಜನ ಬೇಕು, ದಿನವಿಡೀ ನಡೆಯುವ ಸಂಕಿರಣಕ್ಕೆ ಹದಿನೈದು ಜನರಿದ್ದರೂ ಊಟದ ಹೊತ್ತಿಗೆ ಸಾಲದು. ಇದರ ಮೇಲೆ ದುಡ್ಡು, ಮತ್ತು ಜಗಳವಾಗುವ ಸಂಭವ.

ಒಬ್ಬರ ಉಪನ್ಯಾಸ

ಹಳೆಯದು, ಅಗ್ಗದ್ದು, ಸುಲಭದ್ದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಊರೂರಿಗೆ ಹೋದದ್ದು ಈ ರೂಪದಲ್ಲೇ. 45 ನಿಮಿಷ ಮಾತು, 30 ನಿಮಿಷ ಪ್ರಶ್ನೆ ಅಂತ ಬರವಣಿಗೆಯಲ್ಲೇ ತಿಳಿಸಿ. "ಒಂದು ಗಂಟೆ ಮಾತಾಡಿ ಸಾರ್" ಅಂದರೆ ಒಂದೂವರೆ ಗಂಟೆಯಾಗುತ್ತದೆ. 45 ಅಂದರೆ 55ಕ್ಕೆ ನಿಲ್ಲುತ್ತದೆ.

ಉಪನ್ಯಾಸ ಕೆಡುವುದು ಮುಖ್ಯವಾಗಿ ವಿಷಯ ಅಗಲವಾಗಿರುವುದರಿಂದ. "ಕರ್ನಾಟಕದ ಇತಿಹಾಸ ಮತ್ತು ಸಂಸ್ಕೃತಿ" ಅಂತ ಕೊಟ್ಟರೆ ಕದಂಬರಿಂದ ಶುರುವಾಗಿ ರಾಷ್ಟ್ರಕೂಟರ ಹತ್ತಿರ ಬರುವಷ್ಟರಲ್ಲಿ ಹೊತ್ತಾಯಿತು ಅನ್ನುವ ಚೀಟಿ ಬರುತ್ತದೆ. "ನಮ್ಮ ತಾಲ್ಲೂಕಿನ ವೀರಗಲ್ಲುಗಳು ಯಾವ ಕಾಳಗಗಳನ್ನು ಹೇಳುತ್ತವೆ?" ಅಂತ ಪ್ರಶ್ನೆಯ ರೂಪದಲ್ಲಿ ಕೊಡಿ. ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.

ದತ್ತಿ ಉಪನ್ಯಾಸದ ಬಗ್ಗೆ ಒಂದು ಮಾತು. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲೂ 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ದತ್ತಿಗಳ ಪದ್ಧತಿ ಚೆನ್ನಾಗಿ ಬೇರುಬಿಟ್ಟಿದೆ. ಹಿರಿಯರ ನೆನಪಿನಲ್ಲಿ ಮನೆಯವರು ಇಡುಗಂಟು ಇಡುತ್ತಾರೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಸಣ್ಣ ಸಂಘಗಳಿಗೆ ಇದಕ್ಕಿಂತ ಭದ್ರವಾದ ದಾರಿ ಕಡಿಮೆ. ಆದರೆ ಮೊತ್ತ ನೋಡಿಕೊಳ್ಳಿ. ಎಂದೋ ಇಟ್ಟ 5,000 ರೂಪಾಯಿಗೆ ಶೇ. 7ರಂತೆ ವರ್ಷಕ್ಕೆ 350 ರೂಪಾಯಿ ಬರುತ್ತದೆ. ಅದರಲ್ಲಿ ಹಾರವೂ ಬರುವುದಿಲ್ಲ. ಒಂದು ಲಕ್ಷಕ್ಕೆ ಶೇ. 6.5ರಂತೆ 6,500. ಇಂದಿಗೆ ಒಂದು ಸರಳ ಉಪನ್ಯಾಸಕ್ಕೆ ಅದು ಹೇಗೋ ಸಾಕು. ಹೊಸ ದತ್ತಿ ಒಪ್ಪುವಾಗ ಎರಡು ಷರತ್ತು ಬರೆದಿಡಿ: ಬಡ್ಡಿ ಸಾಲದಾದಾಗ ಎರಡು ದತ್ತಿಗಳನ್ನು ಒಂದೇ ದಿನ ನಡೆಸಬಹುದು, ಬಡ್ಡಿಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸಬಹುದು. ವಿಷಯವನ್ನು ದಾನಿಗಳೇ ತೀರಾ ಬಿಗಿಯಾಗಿ ಕಟ್ಟಿಹಾಕಿದರೆ ಹತ್ತನೇ ವರ್ಷಕ್ಕೆ ಹೇಳಿದ್ದನ್ನೇ ಹೇಳಬೇಕಾಗುತ್ತದೆ. ಆದ್ದರಿಂದ ವಿಷಯದ ಆಯ್ಕೆ ಸಮಿತಿಯ ಕೈಯಲ್ಲಿರಲಿ.

ಇಬ್ಬರ ಮಾತುಕತೆ

ಒಬ್ಬ ಅತಿಥಿ, ಒಬ್ಬ ಪ್ರಶ್ನೆ ಕೇಳುವವರು, ಎರಡು ಕುರ್ಚಿ. ತಿಳಿವಳಿಕೆ ಬೇಕಾದಷ್ಟಿದ್ದೂ ಸತತವಾಗಿ ಭಾಷಣ ಮಾಡಿ ರೂಢಿಯಿಲ್ಲದವರಿಗೆ ಇದು ಹೇಳಿ ಮಾಡಿಸಿದ ರೂಪ: ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರು, ನಾಟಿ ವೈದ್ಯರು, ಬಯಲಾಟದ ಭಾಗವತರು, ಹಳೆಯ ವರದಿಗಾರರು. ಇವರನ್ನು ಮೈಕಿನ ಮುಂದೆ ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಬೆವರುತ್ತಾರೆ. ಎದುರಿಗೊಬ್ಬರು ಕೂತು ಕೇಳಿದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಇದರ ಜೀವ ಪ್ರಶ್ನೆ ಕೇಳುವವರಲ್ಲಿದೆ. ಅತಿಥಿಗಿಂತ ತಾನೇ ಹೆಚ್ಚು ತಿಳಿದವನೆಂದು ತೋರಿಸುವವರು ಕೂತರೆ ಪ್ರಶ್ನೆ ಮೂರು ನಿಮಿಷ, ಉತ್ತರ ಒಂದು ನಿಮಿಷ. ತಯಾರಿ ಹೀಗಿರಲಿ: ಮೂರು ದಿನ ಮೊದಲು ಇಬ್ಬರೂ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಲಿ, ಎಂಟು ಪ್ರಶ್ನೆ ಬರೆದುಕೊಳ್ಳಲಿ, ಐದನ್ನು ಮಾತ್ರ ಕೇಳಲಿ. ಆ ಫೋನಿನಲ್ಲಿ ಒಳ್ಳೆಯ ಪ್ರಸಂಗಗಳನ್ನು ಪೂರ್ತಿ ಹೇಳಿಸಬೇಡಿ. ಎರಡನೇ ಸಲ ಹೇಳುವಾಗ ಅವು ಒಣಗಿರುತ್ತವೆ. ಖರ್ಚು ಉಪನ್ಯಾಸಕ್ಕಿಂತ ಹೆಚ್ಚಲ್ಲ, ಒಂದು ಮೈಕ್ ಜಾಸ್ತಿ ಬೇಕು ಅಷ್ಟೆ.

ಗೋಷ್ಠಿ

ಎಲ್ಲರಿಗೂ ಇದರ ಮೇಲೇ ಆಸೆ, ಹೆಚ್ಚು ಕೆಡುವುದೂ ಇದೇ. ಆಸೆಗೆ ಕಾರಣ ಪತ್ರಿಕೆಯಲ್ಲಿ ನಾಲ್ಕು ಹೆಸರು ಹಾಕಬಹುದು, ನಾಲ್ಕು ಬಣದವರನ್ನು ಸಮಾಧಾನ ಮಾಡಬಹುದು. ಕೆಡುವುದಕ್ಕೂ ಅದೇ ಕಾರಣ.

ಗೋಷ್ಠಿಗೆ ಮೂವರು ಸಾಕು, ಐವರು ಹೊರೆ. 90 ನಿಮಿಷದಲ್ಲಿ ಮೂವರಿಗೆ ತಲಾ 12 ಅಂದರೆ 36, ಪರಸ್ಪರ ಚರ್ಚೆಗೆ 20, ಸಭಿಕರಿಗೆ 30, ಮಿಕ್ಕದ್ದು ಸಮನ್ವಯಕಾರರಿಗೆ. ಐವರಾದರೆ ಆರಂಭದ ಮಾತಿಗೇ ಒಂದು ಗಂಟೆ ಬೇಕು. ಆಗ ಅದು ಐದು ಸಣ್ಣ ಉಪನ್ಯಾಸಗಳ ಸಾಲು, ಗೋಷ್ಠಿಯಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಭಾಗವೇ ಇದರ ತಿರುಳು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆಯಲ್ಲಿ (ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಎದುರಿನ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಆಡಿದ ಮಾತನ್ನು ಹಿಡಿಯದೆ ತನ್ನ ಪಾಠ ಒಪ್ಪಿಸಿದವನನ್ನು ಪ್ರೇಕ್ಷಕರು ಕ್ಷಮಿಸುವುದಿಲ್ಲ.

ಕಾವೇರಿಯನ್ನೇ ತೆಗೆದುಕೊಳ್ಳಿ. ಮೂವರೂ ಭಾವಾವೇಶದ ಮಾತುಗಾರರಾದರೆ ಚಪ್ಪಾಳೆ ಸಿಗುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಒಬ್ಬರು ಕಾನೂನು ಬಲ್ಲವರು, ಒಬ್ಬರು ನಾಲೆಯ ಕೊನೆ ಭಾಗದ ರೈತರು, ಒಬ್ಬರು ಜಲಾಶಯ ನಿರ್ವಹಣೆ ಬಲ್ಲವರು ಇರಲಿ. ಬಾಗಿಲಲ್ಲೇ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಡಿ. ಹಾಳೆಯಲ್ಲಿ ಅಭಿಪ್ರಾಯ ಬೇಡ, ಅಂಕಿ ಮಾತ್ರ: ಒಟ್ಟು ಲೆಕ್ಕ 740 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು), 2007ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 270, 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ 14.75 ಸೇರಿಸಿ 284.75 ಮಾಡಿದ್ದು, ಆ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, ತಮಿಳುನಾಡಿಗೆ 404.25. ಈ ಹಾಳೆ ಇಲ್ಲದಿದ್ದರೆ ಮೊದಲ ಅರ್ಧ ಗಂಟೆ "ಇಷ್ಟಲ್ಲ ಅಷ್ಟು" ಅನ್ನುವುದರಲ್ಲೇ ಕಳೆಯುತ್ತದೆ. ಹಾಳೆಗೆ ತಗಲುವುದು ಎರಡು ರೂಪಾಯಿ ಜೆರಾಕ್ಸ್.

ಸಮನ್ವಯಕಾರರ ಕೈಯಲ್ಲಿ ಗಡಿಯಾರ ಇರಲಿ, ಎರಡು ಚೀಟಿ ಇರಲಿ: "3 ನಿಮಿಷ", "ಮುಗಿಸಿ". ಚೀಟಿ ತೋರಿಸುವುದನ್ನು ಮೊದಲೇ ಹೇಳಿ ಒಪ್ಪಿಸಿಕೊಂಡಿದ್ದರೆ ಹಿರಿಯರಿಗೂ ಬೇಸರವಾಗುವುದಿಲ್ಲ. ಸಮನ್ವಯಕಾರರು ಊರಿನ ಮುಖಂಡರಾಗಿದ್ದರೆ ಯಾರನ್ನೂ ತಡೆಯಲಾರರು, ನಾಳೆ ಎಲ್ಲರ ಮುಖ ನೋಡಬೇಕಲ್ಲ. ಪಕ್ಕದ ಊರಿನ ಅಧ್ಯಾಪಕಿಯೊಬ್ಬರನ್ನು ಕೂರಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಚುನಾವಣೆಯ ಹೊತ್ತಿನಲ್ಲಿ ಎಚ್ಚರ ಬೇಕು. ನೀತಿ ಸಂಹಿತೆ ಜಾರಿಯಲ್ಲಿರುವಾಗ ಸರ್ಕಾರಿ ಸಭಾಂಗಣ ಸಿಗುವುದೇ ಅನುಮಾನ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಚುನಾವಣೆಗೆ ಸಂಬಂಧಿಸಿದ ಸಾರ್ವಜನಿಕ ಸಭೆಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ನಿಷೇಧವಿದೆ. ಬಯಲಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ನಂತರ ಅದೂ ನಡೆಯುವುದಿಲ್ಲ. ಅರ್ಜಿಯನ್ನು ಹದಿನೈದು ದಿನ ಮೊದಲೇ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.

ಓದು ಕೂಟ, ನಡಿಗೆ

ಪ್ರಚಾರ ಕಡಿಮೆ, ಫಲ ಹೆಚ್ಚು. ಡಿ.ವಿ.ಜಿ.ಯವರು 1945ರಲ್ಲಿ ಕಟ್ಟಿದ ಬೆಂಗಳೂರಿನ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಭಾಷಣಗಳಷ್ಟೇ ಅಧ್ಯಯನ ಗೋಷ್ಠಿಗೂ ಬೆಲೆಯಿತ್ತು. ಹದಿನೈದರಿಂದ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಒಂದೇ ಪಠ್ಯ, ಗಟ್ಟಿಯಾಗಿ ಓದಿ ನಿಂತು ನಿಂತು ಮಾತು. ಎರಡು ಗಂಟೆಗೆ ಆರು ಪುಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪಠ್ಯವನ್ನು ವಾರದ ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದರೂ ಅರ್ಧ ಜನ ಓದಿರುವುದಿಲ್ಲ ಅಂತಲೇ ಹಿಡಿದು ಮುದ್ರಿತ ಪ್ರತಿ ತನ್ನಿ.

ರಾಜಕೀಯದ ಬಿಸಿ ಹತ್ತಿರುವ ಇತಿಹಾಸಕ್ಕೆ ಗೋಷ್ಠಿಗಿಂತ ಓದು ಕೂಟವೇ ವಾಸಿ. ಟಿಪ್ಪುವಿನ ಬಗ್ಗೆ ವೇದಿಕೆ ಹಾಕಿದರೆ ಎರಡು ಬಣ ಬಂದು ಎರಡು ಘೋಷಣೆ ಕೂಗಿ ಹೋಗುತ್ತವೆ. ಬದಲಿಗೆ 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಅವನು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು ಒಂದು ಕೈಯಲ್ಲಿಡಿ (1916ರಲ್ಲಿ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಪತ್ತೆ ಮಾಡಿದವು). ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ ಟಿಪ್ಪುವಿನ ಪತ್ರಗಳಲ್ಲಿ ಕೊಡಗಿನ ದಂಡಯಾತ್ರೆಗೆ ಸಂಬಂಧಿಸಿದವನ್ನು ಇನ್ನೊಂದು ಕೈಯಲ್ಲಿಡಿ. ಎರಡನ್ನೂ ಓದಿದ ಮೇಲೂ ಭಿನ್ನಾಭಿಪ್ರಾಯ ಉಳಿಯುತ್ತದೆ. ಆದರೆ ಕೂಗಾಟಕ್ಕೆ ಆಸ್ಪದ ಕಡಿಮೆ, ಏಕೆಂದರೆ ಪ್ರತಿ ಮಾತಿಗೂ "ಎಲ್ಲಿದೆ, ಯಾವ ಸಾಲು?" ಅಂತ ಪಕ್ಕದವರು ಕೇಳುತ್ತಾರೆ. ಒಂದೇ ಕಡೆಯ ದಾಖಲೆ ತಂದರೆ ಮಾತ್ರ ಕೂಟ ಒಂದೇ ದಿನಕ್ಕೆ ಒಡೆಯುತ್ತದೆ.

ಶಾಸನ, ವೀರಗಲ್ಲು ಇದ್ದ ಕಡೆ ನಡಿಗೆಗೆ ಸಾಟಿಯಿಲ್ಲ. ಬೆಂಗಳೂರಿನವರಿಗೆ ಹೆಬ್ಬಾಳದ ಕಿತ್ತಯ್ಯನ ಶಾಸನ (ಸುಮಾರು ಕ್ರಿ.ಶ. 750), ಬೆಂಗಳೂರು ಕಾಳಗವನ್ನು ಹೇಳುವ ಬೇಗೂರಿನ ಶಾಸನ (ಸುಮಾರು 890) ಇವೆ. ಬೇರೆ ಊರಿನವರು ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ತಮ್ಮ ಜಿಲ್ಲೆಯ ಸಂಪುಟದಲ್ಲಿ ತಾಲ್ಲೂಕುವಾರು ನೋಡಿದರೆ ಹೊಲದ ಬದುವಿನಲ್ಲೇ ಏನಾದರೂ ಸಿಗುತ್ತದೆ. 25 ಜನರಿಗಿಂತ ಹೆಚ್ಚು ಬೇಡ, ಹಿಂದಿನವರಿಗೆ ಕಲ್ಲೇ ಕಾಣುವುದಿಲ್ಲ. ಬೆಳಿಗ್ಗೆ 7ರಿಂದ 9. ನಡುಹಗಲ ಬಿಸಿಲು ಕಲ್ಲಿಗೆ ನೇರ ಬಿದ್ದು ಅಕ್ಷರ ಮಾಯವಾಗುತ್ತದೆ, ಓರೆ ಬಿಸಿಲಿನಲ್ಲಿ ಪ್ರತಿ ಗೆರೆಗೂ ನೆರಳು ಹುಟ್ಟಿ ಓದಲು ಬರುತ್ತದೆ. ಮೋಡವಿದ್ದರೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಒತ್ತಿ ಹಿಡಿದು ಅಡ್ಡಡ್ಡ ಬೆಳಕು ಬಿಡಿ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು ಬೇಡವೇ ಬೇಡ. ಎಣ್ಣೆ ಧೂಳು ಹಿಡಿದು ಕಪ್ಪುಗಟ್ಟುತ್ತದೆ, ಸುಣ್ಣ ಗೀಚುವಾಗ ತಪ್ಪು ಓದೇ ಗಟ್ಟಿಯಾಗಿಬಿಡುತ್ತದೆ. ಮೂರು ಅಂಕಣದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಸ್ವರ್ಗ.

ಸಂಕಿರಣ, ಮಾಲೆ

ದಿನವಿಡೀ ನಡೆಯುವ ವಿಚಾರ ಸಂಕಿರಣವನ್ನು ಕಾಲೇಜುಗಳಿಗೆ ಬಿಟ್ಟುಬಿಡಿ. ಪ್ರಮಾಣಪತ್ರ ಬೇಕಾದವರು ಬರುತ್ತಾರೆ, ಊಟದ ನಂತರ ಅರ್ಧ ಸಭಾಂಗಣ ಖಾಲಿ.

ಸತತವಾಗಿ ಕೆಲವು ದಿನ ನಡೆಯುವ ಮಾಲೆ ಬೇರೆ ವಿಚಾರ. ಪುಣೆಯ ವಸಂತ ವ್ಯಾಖ್ಯಾನಮಾಲೆ 1875ರಲ್ಲಿ ನ್ಯಾಯಮೂರ್ತಿ ರಾನಡೆಯವರ ಮುತುವರ್ಜಿಯಲ್ಲಿ ಹುಟ್ಟಿದ್ದು. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಹಗಲಿಡೀ ಉಪನ್ಯಾಸ, ಚರ್ಚೆ, ಸಂಜೆ ನಾಟಕ. ಒಂದೇ ಗುಂಪು ದಿನಗಟ್ಟಲೆ ಜೊತೆಗಿರುವುದರಿಂದ ಮೊದಲ ದಿನದ ಪ್ರಶ್ನೆ ಮೂರನೇ ದಿನ ಮಾಗಿ ಬರುತ್ತದೆ. ಸಣ್ಣ ಊರಿನವರು ಐದು ದಿನ ಸಂಜೆ 6:30ರಿಂದ 7:45 ಅಂತ ಮಾಡಬಹುದು. ಒಂದೇ ಮೈಕ್ ಸೆಟ್ ಬಾಡಿಗೆ, ಒಂದೇ ಪತ್ರಿಕೆ, ಒಂದೇ ಪ್ರಚಾರ, ಹಾಗಾಗಿ ದಿನದ ಖರ್ಚು ಇಳಿಯುತ್ತದೆ. ಸುಗ್ಗಿ, ಪರೀಕ್ಷೆ, ಜಾತ್ರೆ, ಮದುವೆ ಮುಹೂರ್ತ ನಾಲ್ಕನ್ನೂ ನೋಡಿ ತಾರೀಖು ಇಡಿ. ಮೂರನೇ ದಿನ ಜನ ಕಡಿಮೆಯಾಗುವುದು ಸಹಜ, ಅಂದಿಗೆ ಎಲ್ಲರಿಗಿಂತ ಚೆನ್ನಾಗಿ ಮಾತನಾಡುವವರನ್ನು ಇಟ್ಟುಕೊಂಡಿರಿ.

ಆನ್‌ಲೈನ್

ಹೊರದೇಶದ ಸಂಘಗಳಿಗೆ ಇದು ಬಿಟ್ಟರೆ ದಾರಿ ಕಡಿಮೆ. ಭಾರತದ ರಾತ್ರಿ 8:30 ಇಟ್ಟುಕೊಂಡರೆ ಬೇಸಿಗೆಯಲ್ಲಿ ಲಂಡನ್ನಿಗೆ ಸಂಜೆ 4, ನ್ಯೂಜೆರ್ಸಿಗೆ ಬೆಳಿಗ್ಗೆ 11, ಕ್ಯಾಲಿಫೋರ್ನಿಯಾಕ್ಕೆ 8. ಚಳಿಗಾಲದಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ, ನವೆಂಬರಿನ ಕಾರ್ಯಕ್ರಮಕ್ಕೆ ಅರ್ಧ ಜನ ತಪ್ಪುವುದು ಇದರಿಂದಲೇ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್ ಒಂದು ಗಂಟೆ ಕೊಡುತ್ತದೆ. ಪರದೆಯ ಮೇಲೆ 30 ನಿಮಿಷದ ಮಾತೇ ಜಾಸ್ತಿ. ಸಭಾಂಗಣದ ಕಾರ್ಯಕ್ರಮವನ್ನೇ ಮೊಬೈಲ್ ನಿಲ್ಲಿಸಿ ನೇರಪ್ರಸಾರ ಮಾಡುವುದಾದರೆ ಧ್ವನಿಯನ್ನು ಮೈಕ್ ಸೆಟ್‌ನಿಂದಲೇ ವೈರಿನಲ್ಲಿ ತೆಗೆದುಕೊಳ್ಳಿ. ಹತ್ತು ಅಡಿ ದೂರದ ಮೊಬೈಲಿಗೆ ಕೇಳಿಸುವುದು ಫ್ಯಾನಿನ ಸದ್ದು ಮಾತ್ರ. ರೆಕಾರ್ಡ್ ಹಾಕಲು ಮಾತನಾಡುವವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಯಾವ ರೂಪಕ್ಕೂ ತಪ್ಪದ ಎರಡು ತೊಡಕು

ಮೊದಲನೆಯದು ಮೈಕ್. ಸೌಂಡ್ ಬಾಕ್ಸ್ ಮಾತನಾಡುವವರ ಹಿಂದಿದ್ದರೆ ಅದರ ಸದ್ದು ಮತ್ತೆ ಮೈಕಿಗೇ ನುಗ್ಗಿ ಕುಂಯ್ ಅನ್ನುತ್ತದೆ. ಬಾಕ್ಸನ್ನು ವೇದಿಕೆಯ ಅಂಚಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿ ಇಡಿ. ಎರಡು ಕಾರ್ಡ್‌ಲೆಸ್ ಮೈಕ್ ಒಂದೇ ತರಂಗದವಾದರೆ ಒಂದು ಇನ್ನೊಂದನ್ನು ನುಂಗುತ್ತದೆ. ಬಾಡಿಗೆಗೆ ತರುವಾಗ ಎರಡನ್ನೂ ಒಟ್ಟಿಗೆ ಆನ್ ಮಾಡಿಸಿ ನೋಡಿ, ನಾಲ್ಕು ಹೊಸ ಸೆಲ್ ಜೇಬಿನಲ್ಲಿರಲಿ.

ಎರಡನೆಯದು ಪ್ರಶ್ನೋತ್ತರ. ಮೈಕ್ ಕೈಗೆ ಕೊಟ್ಟರೆ "ನನ್ನದು ಪ್ರಶ್ನೆಯಲ್ಲ, ಎರಡು ಅನಿಸಿಕೆ" ಅಂತ ಒಬ್ಬರು ಏಳುತ್ತಾರೆ. ಕಾರ್ಯಕರ್ತರೇ ಮೈಕ್ ಹಿಡಿದಿರಲಿ, ಕೈಬಿಡದಿರಲಿ. ಮೊದಲ ಪ್ರಶ್ನೆ ಹೆಣ್ಣುಮಕ್ಕಳಿಗೆ ಅಥವಾ ವಿದ್ಯಾರ್ಥಿಗಳಿಗೆ ಅಂತ ಘೋಷಿಸಿ, ಆಮೇಲೆ ಕೈಯೆತ್ತುವವರ ಬಗೆಯೇ ಬದಲಾಗುತ್ತದೆ. ತಕರಾರಿನ ವಿಷಯಕ್ಕೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ಆದರೆ ಚುಚ್ಚುವ ಚೀಟಿಗಳನ್ನು ಆಯೋಜಕರೇ ಪಕ್ಕಕ್ಕಿಟ್ಟರು ಅನ್ನುವ ಗುಮಾನಿ ಬಂದರೆ ಮುಂದಿನ ತಿಂಗಳು ಜನ ಬರುವುದಿಲ್ಲ. ಚೀಟಿ ಆರಿಸುವ ಕೆಲಸ ಸಭಿಕರಲ್ಲೇ ಇಬ್ಬರಿಗೆ ಕೊಡಿ.

ನಿಮ್ಮ ಲೆಕ್ಕಕ್ಕೆ ಯಾವುದು?

ಕೈಯಲ್ಲಿ 2,000 ರೂಪಾಯಿ, ಮೂರು ಜನ ಇದ್ದರೆ ಓದು ಕೂಟ: ಜೆರಾಕ್ಸು, ಚಹಾ, ಮಂಡಕ್ಕಿಗೆ ಅಷ್ಟು ಸಾಕು. 6,000ದಿಂದ 8,000 ಇದ್ದು ಹೊರಗಿನವರನ್ನು ಕರೆಸುವುದಾದರೆ ಉಪನ್ಯಾಸ, ಮಾತಿನ ರೂಢಿ ಇಲ್ಲದವರಾದರೆ ಮಾತುಕತೆ. 15,000 ಮೇಲ್ಪಟ್ಟು ಇದ್ದು, ಗಟ್ಟಿ ಸಮನ್ವಯಕಾರರು ಒಪ್ಪಿದ್ದರೆ ಮಾತ್ರ ಗೋಷ್ಠಿ. ಅವರು ಸಿಗದಿದ್ದರೆ ಅದೇ ದುಡ್ಡಿನಲ್ಲಿ ಎರಡು ಉಪನ್ಯಾಸ ಮಾಡಿಸಿ, ಎರಡನೆಯವರು ಮೊದಲನೆಯವರನ್ನು ಒಪ್ಪದವರಾಗಿರಲಿ. ಮೊದಲ ವರ್ಷದವರು ಆರು ತಿಂಗಳು ಓದು ಕೂಟವನ್ನೇ ನಡೆಸಿ, ಆ ಇಪ್ಪತ್ತು ಜನ ಯಾವ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದರು ಅನ್ನುವುದನ್ನು ಬರೆದಿಟ್ಟುಕೊಂಡು ಏಳನೇ ತಿಂಗಳು ಉಪನ್ಯಾಸಕರನ್ನು ಹುಡುಕಲಿ.

ಪತ್ರಿಕೆ ಅಚ್ಚಿಗೆ ಕೊಡುವಾಗ ಶುರುವಾಗುವ ಹೊತ್ತಿನ ಪಕ್ಕದಲ್ಲೇ ಮುಗಿಯುವ ಹೊತ್ತನ್ನೂ ಹಾಕಿಸಿ: "5:45ರಿಂದ 7:15". ಹಳ್ಳಿಯಿಂದ ಬರುವವರು ಕೊನೆಯ ಬಸ್ಸು ಎಷ್ಟಕ್ಕೆ ಅಂತ ನೋಡಿಕೊಂಡೇ ಬರುವುದೋ ಬೇಡವೋ ತೀರ್ಮಾನಿಸುತ್ತಾರೆ.